ವೃಷಭಾವತಿಯ ಕಣಿವೆಯಲ್ಲಿ ಮಾಲಿನ್ಯಮಾಪನ

ನಗರವೊಂದರ ಚರಿತ್ರೆಯನ್ನು ಬರೆಯಹೊರಟವರು ಅದರ ಕೋಟೆಕೊತ್ತಲಗಳನ್ನೂ ದೇವಾಲಯಗಳನ್ನೂ ಪೇಟೆಬೀದಿಗಳನ್ನೂ ವರ್ಣಿಸುವುದು ವಾಡಿಕೆ. ಆ ನಗರವು ತಾನು ಬಳಸಿ ಬಿಟ್ಟ ಕಶ್ಮಲವನ್ನು ಯಾವ ದಿಕ್ಕಿಗೆ ಹರಿಯಿಸಿತು, ಹರಿಯಿಸಿದುದನ್ನು ಎಂದಿನಿಂದ ಅಳೆಯತೊಡಗಿತು, ಅಳೆದು ತಿಳಿದ ಮೇಲೆ ತನ್ನ ನಡತೆಯನ್ನು ಎಷ್ಟರಮಟ್ಟಿಗೆ ತಿದ್ದಿಕೊಂಡಿತು ಎಂಬ ಪ್ರಶ್ನೆಗಳೂ ಚರಿತ್ರೆಗೆ ಸೇರಿದವುಗಳೇ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿರುವ ಪಶ್ಚಿಮ ಬೆಂಗಳೂರಿನ ಮಟ್ಟಿಗಂತೂ ಈ ಪ್ರಶ್ನೆಗಳನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣವಾದೀತು. ಏಕೆಂದರೆ ಇಲ್ಲಿಯ ಬಡಾವಣೆ, ಕಾರ್ಖಾನೆ, ಹೆದ್ದಾರಿಗಳೆಲ್ಲ ಒಂದೇ ಕಣಿವೆಯನ್ನು ಆಶ್ರಯಿಸಿ ಬೆಳೆದಿವೆ, ಮತ್ತು ಆ ಕಣಿವೆಯ ನದಿಯಾದ ವೃಷಭಾವತಿಯು ಅವುಗಳೆಲ್ಲದರ ಲೆಕ್ಕವನ್ನು ತನ್ನ ನೀರಿನಲ್ಲಿ ಹೊತ್ತು ಹರಿಯುತ್ತಿದ್ದಾಳೆ.

ಬೆಂಗಳೂರು ಎತ್ತರದ ದಿಣ್ಣೆಯೊಂದರ ಮೇಲೆ ನಿಂತ ಊರು. ದಿಣ್ಣೆಯ ಪೂರ್ವದ ಇಳಿಜಾರಿನ ನೀರು ದಕ್ಷಿಣಪಿನಾಕಿನಿಯನ್ನು ಸೇರಿದರೆ, ಪಶ್ಚಿಮದ್ದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನರು ನಂಬಿಕೊಂಡು ಬಂದಿರುವ ವೃಷಭಾವತಿಯು, ಮಲ್ಲೇಶ್ವರದ ಕಡೆಯಿಂದ ಇಳಿಯುವ ಇನ್ನೊಂದು ಕವಲನ್ನೂ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಾಲುವೆಗಳನ್ನೂ ಕೂಡಿಸಿಕೊಂಡು, ಬ್ಯಾಟರಾಯನಪುರದ ಗಾಳಿ ಆಂಜನೇಯಸ್ವಾಮಿಯ ಗುಡಿಯ ಬಳಿ ಸಾಗಿ, ನಾಯಂಡಹಳ್ಳಿ, ಕೆಂಗೇರಿ, ಬಿಡದಿಗಳ ಪಕ್ಕದಲ್ಲಿ ಹರಿದು, ಬೈರಮಂಗಲದ ಕೆರೆಯನ್ನು ತುಂಬಿ, ಕನಕಪುರದ ಸೀಮೆಯಲ್ಲಿ ಅರ್ಕಾವತಿಯೊಡನೆ ಬೆರೆಯುತ್ತಾಳೆ. ಮೇಲಿನವರು ಬಿಟ್ಟುದನ್ನು ಕೆಳಗಿನವರು ಪಡೆಯಬೇಕಾದುದು ಇಂಥ ಕಣಿವೆಯ ಅನಿವಾರ್ಯ ನಿಯಮ. ಆದುದರಿಂದ ಇಲ್ಲಿ ಮಾಲಿನ್ಯವನ್ನು ಅಳೆಯುವುದೆಂದರೆ ನೆರೆಯವನಿಗೆ ನಾವು ಕೊಟ್ಟುದೇನೆಂಬುದನ್ನು ಸತ್ಯವಾಗಿ ಹೇಳುವುದೇ ಆಗಿದೆ.

ಉಪಕರಣಗಳಿಲ್ಲದ ಕಾಲದಲ್ಲಿ ಈ ಸತ್ಯವನ್ನು ಹೇಳುತ್ತಿದ್ದವು ಮನುಷ್ಯನ ಇಂದ್ರಿಯಗಳು. ಕೆರೆಯ ತೂಬನ್ನು ಕಾಯುತ್ತಿದ್ದ ನೀರಗಂಟಿಯು ನೀರಿನ ಬಣ್ಣವನ್ನೂ ಏರಿಳಿತವನ್ನೂ ದಿನದಿನವೂ ಕಂಡು ಬಲ್ಲವನಾಗಿದ್ದನು. ಕೆಸರುಗಟ್ಟಿದ ನೀರನ್ನು ತಿಳಿಗೊಳಿಸಲು ಚಿಲ್ಲದ ಬೀಜವನ್ನು, ಸಂಸ್ಕೃತದಲ್ಲಿ ಕತಕವೆಂದು ಹೆಸರಾದುದನ್ನು, ಮಡಕೆಯ ಒಳಮೈಗೆ ತೇಯುವ ಪದ್ಧತಿ ನಮ್ಮ ಮನೆಗಳಲ್ಲಿ ಪುರಾತನವಾದುದು. ಕಣ್ಣು, ಮೂಗು, ನಾಲಗೆಗಳ ಈ ಪರೀಕ್ಷೆಯನ್ನು ಹೀಗಳೆಯುವುದು ತರವಲ್ಲ. ಇಂದಿಗೂ ಮೊಟ್ಟಮೊದಲ ದೂರು ಹುಟ್ಟುವುದು ಮೂಗಿನಿಂದಲೇ. ಆದರೆ ಇಂದ್ರಿಯಗಳಿಗೆ ಎರಡು ದೌರ್ಬಲ್ಯಗಳುಂಟು. ಅವು ಸೂಕ್ಷ್ಮವಾದುದನ್ನು ಕಾಣಲಾರವು: ತಿಳಿಯಾಗಿ ಹೊಳೆಯುವ ನೀರಿನಲ್ಲಿ ವಿಷೂಚಿಯ ಬೀಜವಿರಬಹುದು. ಅದಕ್ಕಿಂತ ದೊಡ್ಡ ದೋಷವೆಂದರೆ ಅವು ಒಗ್ಗಿಹೋಗುತ್ತವೆ. ದುರ್ವಾಸನೆಯ ನಡುವೆ ಬಾಳುವವನ ಮೂಗು ಕೆಲವು ದಿನಗಳಲ್ಲಿ ಅದನ್ನು ಹೇಳುವುದನ್ನು ನಿಲ್ಲಿಸುತ್ತದೆ; ಹಾಗೆಯೇ ಒಂದು ತಲೆಮಾರಿಗೆ ಅಸಹ್ಯವಾಗಿದ್ದುದು ಮುಂದಿನ ತಲೆಮಾರಿಗೆ ಸಹಜವೆಂದು ತೋರತೊಡಗುತ್ತದೆ. ತಾರೀಖಿನೊಡನೆ ಬರೆದಿಟ್ಟ ಅಂಕಿಗೆ ಮಾತ್ರ ಈ ಮರೆವಿಲ್ಲ. ಮಾಪನಶಾಸ್ತ್ರದ ನಿಜವಾದ ಉಪಕಾರ ಇರುವುದು ಇಲ್ಲಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳಿಗೆ ತೆರಳಿದರು. ಎಂದರೆ, ವೃಷಭಾವತಿಯ ಎರಡು ಕವಲುಗಳ ತಲೆಯ ಭಾಗಗಳಲ್ಲಿಯೇ ವಸತಿ ದಟ್ಟವಾಗತೊಡಗಿತು. ಅದೇ 1898ರಲ್ಲಿ ಇಂಗ್ಲೆಂಡಿನಲ್ಲಿ ಚರಂಡಿನೀರಿನ ವಿಲೇವಾರಿಯನ್ನು ಕುರಿತ ರಾಯಲ್ ಕಮಿಷನ್ ನೇಮಕವಾಯಿತು. ಈ ಎರಡು ಘಟನೆಗಳಿಗೆ ನೇರವಾದ ಸಂಬಂಧವಿಲ್ಲ. ಆದರೆ ಆ ಆಯೋಗವು 1912ರ ತನ್ನ ಎಂಟನೆಯ ವರದಿಯಲ್ಲಿ ವಿಧಿಸಿದ ಅಳತೆಯ ಕ್ರಮವೇ ಮುಂದೆ ನಮ್ಮ ಕಣಿವೆಯ ನೀರಿಗೂ ತೀರ್ಪುಗಾರನಾಗಿ ಬಂದಿತು. ಕೊಳೆತ ದ್ರವ್ಯವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಣ್ಣುತ್ತವೆ. ಎಷ್ಟು ಉಂಡವೆಂಬುದನ್ನು ಅಳೆದರೆ ಎಷ್ಟು ಕೊಳೆಯಿತ್ತೆಂಬುದು ತಿಳಿಯುತ್ತದೆ. ನದಿಗೆ ಬಿಡುವ ಸಂಸ್ಕರಿತ ನೀರಿನ ಈ ಆಮ್ಲಜನಕದ ಬೇಡಿಕೆ ಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ತೇಲುಕಣಗಳು 30 ಮಿಲಿಗ್ರಾಂ ಮೀರಬಾರದು ಎಂಬುದು ಆಯೋಗದ ಕಟ್ಟಳೆ. ಇಂದಿಗೂ ಬಿ.ಓ.ಡಿ. ಎಂಬ ಮೂರಕ್ಷರಗಳಿಂದ ಜಲಪರೀಕ್ಷಕರ ಬಾಯಲ್ಲಿ ನೆಲೆಸಿರುವುದು ಈ ಅಳತೆಯೇ.

ಇದರ ಹಿಂದಿರುವ ರಸಾಯನಕ್ರಿಯೆ ಇನ್ನೂ ಹಳೆಯದು. ಹಂಗೆರಿಯ ಲಾಯೋಶ್ ವಿಂಕ್ಲರ್ ಎಂಬ ವಿದ್ವಾಂಸನು 1888ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಗಾಳಿಗುಳ್ಳೆಯೊಂದೂ ಉಳಿಯದಂತೆ ಕಂಠಪೂರ್ತಿ ತುಂಬಿದ ಗಾಜಿನ ಬಿರಡೆಯ ಶೀಷೆಗೆ ಮ್ಯಾಂಗನೀಸಿನ ಲವಣವನ್ನೂ ಕ್ಷಾರಯುಕ್ತವಾದ ಅಯೊಡೈಡನ್ನೂ ಸೇರಿಸುತ್ತಾರೆ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದುಬಣ್ಣದ ಗಸಿ ಇಳಿಯುತ್ತದೆ. ಇಲ್ಲವಾದರೆ ಗಸಿ ಬೆಳ್ಳಗೆಯೇ ಉಳಿಯುತ್ತದೆ. ತರುವಾಯ ಗಂಧಕಾಮ್ಲವನ್ನು ಹಾಕಲು ಅಯೋಡಿನ್ ಬಿಡುಗಡೆಯಾಗಿ, ಅದನ್ನು ಸೋಡಿಯಂ ಥಯೋಸಲ್ಫೇಟಿನಿಂದ ಹನಿಹನಿಯಾಗಿ ಅಳೆಯುತ್ತ ಹೋದಾಗ, ಗಂಜಿಯ ದ್ರಾವಣ ತಂದ ನೀಲಿಯು ಯಾವ ಹನಿಗೆ ಮಾಯವಾಯಿತೋ ಆ ಹನಿಯೇ ಉತ್ತರವನ್ನು ಹೇಳುತ್ತದೆ. ಶುದ್ಧವಾದ ತಂಪುನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಮಿನಷ್ಟು ಆಮ್ಲಜನಕ ಸುಲಭವಾಗಿ ಕರಗಬಲ್ಲದು. ನಮ್ಮಂಥ ಎತ್ತರದ ಭೂಮಿಯಲ್ಲಿ, ಬೇಸಗೆಯಲ್ಲಿ, ಅದಕ್ಕಿಂತ ಕಡಿಮೆ. ಚರಂಡಿಯ ನೀರು ಬೇಡುವುದು ಇನ್ನೂರು ಮಿಲಿಗ್ರಾಮಿಗೂ ಮಿಗಿಲಾದುದನ್ನು. ಬಡವನ ಉಗ್ರಾಣಕ್ಕೆ ನೂರು ಜನ ಅತಿಥಿಗಳು ಬಂದಂತೆ ಆಗುವ ಈ ಸ್ಥಿತಿಯಲ್ಲಿ ಮೀನು, ಕಪ್ಪೆಗಳು ಬದುಕುವ ಮಾತೆಲ್ಲಿ?

ಈ ವಿದ್ಯೆ ಬೆಂಗಳೂರಿಗೆ ಬಂದುದು ತಡವಾಗಿಯಲ್ಲ. ಬಹು ಬೇಗನೆ, ಅದೂ ಆ ವಿದ್ಯೆಯ ಉಗಮಸ್ಥಾನದಿಂದಲೇ ಬಂದಿತೆಂಬುದು ನಮ್ಮವರು ನೆನೆಯಬೇಕಾದ ಸಂಗತಿ. ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು 1914ರಲ್ಲಿ, ಕೊಳಚೆನೀರಿಗೆ ಗಾಳಿಯೂಡಿ ಅದರ ಕೆಸರಿನ ಜೀವಿಗಳಿಂದಲೇ ಅದನ್ನು ಶುದ್ಧಗೊಳಿಸುವ ಸಕ್ರಿಯ ಕೆಸರಿನ ವಿಧಾನವನ್ನು ಪ್ರಕಟಿಸಿದಾಗ ಅವರಿಗೆ ಮಾರ್ಗದರ್ಶಕನಾಗಿದ್ದವನು ಗಿಲ್ಬರ್ಟ್ ಫೌಲರ್. ಎರಡೇ ವರ್ಷಗಳ ತರುವಾಯ, 1916ರಲ್ಲಿ, ಆ ಫೌಲರನೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಪ್ರಾಧ್ಯಾಪಕನಾಗಿ ಬಂದು ಇಲ್ಲಿಯ ಹವೆ ನೀರುಗಳಲ್ಲಿ ಆ ಸಂಶೋಧನೆಯನ್ನು ಮುಂದುವರಿಸಿದನು. ಅವನು ತೆರೆದ ದಾರಿಯಲ್ಲಿ 1940ರ ದಶಕದಲ್ಲಿ ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೆ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಕೊಳಚೆನೀರಿನ ಶುದ್ಧೀಕರಣದಲ್ಲಿ ಏಕಾಣುಜೀವಿಗಳು ವಹಿಸುವ ಪಾತ್ರವನ್ನು ತೋರಿಸಿಕೊಟ್ಟರು. ಅವರ ಪ್ರಬಂಧ 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸೂಕ್ಷ್ಮದರ್ಶಕದ ಕೆಳಗೆ ಗಂಟೆಯಾಕಾರದ ಜೀವಿಗಳು ಸಮೃದ್ಧವಾಗಿ ಕಂಡರೆ ಆ ನೀರು ಚೇತರಿಸಿಕೊಳ್ಳುತ್ತಿದೆಯೆಂದು ಬಲ್ಲವರು ಹೇಳಬಹುದು. ಹೀಗೆ ಅಳೆಯುವ ಜ್ಞಾನವೂ ಶೋಧಿಸುವ ಜ್ಞಾನವೂ ಮಲ್ಲೇಶ್ವರಕ್ಕೆ ಕೂಗಳತೆಯಲ್ಲಿ ಇದ್ದವು. ಇಲ್ಲದಿದ್ದುದು, ಅಳೆಯಲೇಬೇಕೆಂಬ ಕಟ್ಟುಪಾಡು.

ಈ ಕೊರತೆಯ ಪರಿಣಾಮ ಸ್ವಾತಂತ್ರ್ಯಾನಂತರ ಸ್ಪಷ್ಟವಾಯಿತು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ, 1949ರ ಜುಲೈ 3ರಂದು ಚಕ್ರವರ್ತಿ ರಾಜಗೋಪಾಲಾಚಾರ್ಯರು ತಮ್ಮ ಹೆಸರನ್ನೇ ಪಡೆಯಲಿದ್ದ ಕೈಗಾರಿಕಾ ಉಪನಗರಕ್ಕೆ ಶಂಕುಸ್ಥಾಪನೆ ಮಾಡಿದರು. ದುಡಿಯುವವನ ಮನೆಯೂ ಕೆಲಸದ ಶಾಲೆಯೂ ಒಂದೇ ಬಡಾವಣೆಯಲ್ಲಿರಬೇಕೆಂಬುದು ಆ ಯೋಜನೆಯ ಉದಾತ್ತವಾದ ಆಶಯ. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ಈ ಕೈಗಾರಿಕಾ ಉಪನಗರಕ್ಕೆ ಬಂದಿತು. ಯಂತ್ರಭಾಗಗಳನ್ನು ಕಡೆಯುವ, ಎರಕ ಹೊಯ್ಯುವ, ಮೆರುಗು ಕೊಡುವ ಸಣ್ಣ ಘಟಕಗಳು ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯದವರೆಗೆ ಒಂದಾದಮೇಲೊಂದು ತಲೆಯೆತ್ತಿದವು. ಇವುಗಳಲ್ಲಿ ಪರಿಸರದ ದೃಷ್ಟಿಯಿಂದ ಗಮನಾರ್ಹವಾದುದು ಪ್ಲೇಟಿಂಗ್ ಕೆಲಸ. ಕ್ರೋಮಿಯಂ, ನಿಕ್ಕೆಲುಗಳ ತೊಟ್ಟಿಯಿಂದ ಎತ್ತಿದ ಸಾಮಾನನ್ನು ತೊಳೆದಾಗ ಹೊರಬೀಳುವ ನೀರು ಕೊಳೆಯುವಂಥದಲ್ಲ. ಆದುದರಿಂದ ಆಮ್ಲಜನಕದ ಲೆಕ್ಕಕ್ಕೆ ಅದು ಸಿಕ್ಕುವುದಿಲ್ಲ. ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು: ಡೈಫಿನೈಲ್ ಕಾರ್ಬಜೈಡ್ ಎಂಬ ದ್ರವ್ಯವನ್ನು ಹಾಕಿದರೆ ಷಡ್ವೇಲೆನ್ಸಿಯ ಕ್ರೋಮಿಯಂ ನೇರಿಳೆಬಣ್ಣಕ್ಕೆ ತಿರುಗುತ್ತದೆ, ಬಣ್ಣದ ಗಾಢತೆಯಿಂದ ಪ್ರಮಾಣವನ್ನು ಓದುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಬಾರದು. ಆಸ್ಟ್ರೇಲಿಯದ ಅಲನ್ ವಾಲ್ಷ್ 1955ರಲ್ಲಿ ವಿವರಿಸಿದ ಪರಮಾಣು ಶೋಷಣ ವಿಧಾನವು ಇಂಥ ಲೋಹಗಳ ಲೇಶವನ್ನೂ ಹಿಡಿಯಬಲ್ಲ ಸಾಮರ್ಥ್ಯವನ್ನು ಪ್ರಯೋಗಶಾಲೆಗಳಿಗೆ ತಂದುಕೊಟ್ಟಿತು.

1974ನೆಯ ವರ್ಷ ಈ ಕಣಿವೆಯ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಸ್ಮರಣೀಯ. ಆ ವರ್ಷ ಕಾವೇರಿಯ ಮೊದಲನೆಯ ಹಂತದ ನೀರು ಬೆಂಗಳೂರಿಗೆ ಏರಿ ಬಂದಿತು. ಬಂದ ನೀರೆಲ್ಲ ಬಳಕೆಯಾದ ಮೇಲೆ ಹೊರಗೆ ಹೋಗಲೇಬೇಕಾದುದರಿಂದ ವೃಷಭಾವತಿಯ ಹೊರೆ ಹೆಚ್ಚಿತು. ಅದೇ ವರ್ಷ ಜಲಮಾಲಿನ್ಯದ ನಿವಾರಣೆ ಮತ್ತು ನಿಯಂತ್ರಣದ ಅಧಿನಿಯಮ ಜಾರಿಗೆ ಬಂದು, ಸೆಪ್ಟೆಂಬರ್ 21ರಂದು ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ರಚಿತವಾಯಿತು. ಈ ಅಧಿನಿಯಮದ 21ನೆಯ ಪ್ರಕರಣವನ್ನು ಓದಿದವರಿಗೆ, ಅದರ ಒಣ ವಾಕ್ಯಗಳ ಒಳಗೆ ಒಂದು ಮಹತ್ತ್ವದ ಕಲ್ಪನೆ ಅಡಗಿರುವುದು ಕಾಣುತ್ತದೆ. ಕಾರ್ಖಾನೆಯ ನೀರಿನ ಮಾದರಿಯನ್ನು ತೆಗೆಯುವ ಅಧಿಕಾರಿ ಒಡೆಯನಿಗೆ ಸ್ಥಳದಲ್ಲಿಯೇ ತಿಳುವಳಿಕೆ ಕೊಡಬೇಕು. ಅವನು ಕೋರಿದರೆ ಅವನ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಎರಡಕ್ಕೂ ಮೊಹರು ಹಾಕಿ, ಇಬ್ಬರೂ ರುಜು ಮಾಡಬೇಕು. ಈ ಕ್ರಮ ತಪ್ಪಿದರೆ ವಿಶ್ಲೇಷಣೆಯ ಫಲಿತಾಂಶ ನ್ಯಾಯಾಲಯದಲ್ಲಿ ನಿಲ್ಲದು. ಅಲ್ಲಿಯವರೆಗೆ ವಿದ್ವಾಂಸರ ಕುತೂಹಲದ ವಸ್ತುವಾಗಿದ್ದ ಶೀಷೆಯ ನೀರಿಗೆ ಈ ಪ್ರಕರಣವು ಸಾಕ್ಷಿಯ ಪದವಿಯನ್ನು ದಯಪಾಲಿಸಿತು. ನಾಲೆಯ ದಂಡೆಯಲ್ಲಿ ನಿಂತು ದೂರುತ್ತಿದ್ದವನ ಮೂಗಿಗೆ ದೊರೆಯದ ಮನ್ನಣೆ ಅದಕ್ಕೆ ದೊರೆಯಿತು.

ಸಾಕ್ಷಿಯೆಂದ ಮೇಲೆ ಅದರ ಶೀಲವೂ ಶುದ್ಧವಾಗಿರಬೇಕು. ಮಾದರಿ ತೆಗೆಯುವ ಕೆಲಸ ನೋಡುವವರಿಗೆ ಸುಲಭವೆಂದು ತೋರಿದರೂ ಅದಕ್ಕೆ ಅನುಭವ ಬೇಕು. ದಂಡೆಯ ನಿಂತ ನೀರನ್ನು ಬಿಟ್ಟು ನಡುಹರಿವಿನದನ್ನು ತೆಗೆಯಬೇಕು. ಸಾಮಾನ್ಯ ಪರೀಕ್ಷೆಗಾದರೆ ಅದೇ ನೀರಿನಿಂದ ಶೀಷೆಯನ್ನು ಮೊದಲು ತೊಳೆಯಬೇಕು, ಸೂಕ್ಷ್ಮಾಣುಗಳ ಪರೀಕ್ಷೆಗಾದರೆ ತೊಳೆಯದೆ, ಶುದ್ಧೀಕರಿಸಿ ಮುಚ್ಚಿಟ್ಟ ಶೀಷೆಯನ್ನು ಆ ಕ್ಷಣದಲ್ಲಿಯೇ ತೆರೆದು ತುಂಬಬೇಕು. ಕರಗಿದ ಆಮ್ಲಜನಕವನ್ನು ಸ್ಥಳದಲ್ಲಿಯೇ ವಿಂಕ್ಲರನ ದ್ರವ್ಯಗಳಿಂದ ಬಂಧಿಸಬೇಕು. ಲೋಹಗಳಿಗಾಗಿ ತೆಗೆದುದಕ್ಕೆ ಆಮ್ಲವನ್ನು ಸೇರಿಸಬೇಕು. ಉಳಿದುದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿಟ್ಟು ಪ್ರಯೋಗಶಾಲೆಗೆ ಮುಟ್ಟಿಸಬೇಕು. ಅಲ್ಲಿ ಇಂಗ್ಲೆಂಡಿನ ಐದು ದಿನಗಳ ಕ್ರಮಕ್ಕೆ ಬದಲಾಗಿ, ನಮ್ಮ ಉಷ್ಣದೇಶಕ್ಕೆ ಒಪ್ಪುವಂತೆ 27 ಡಿಗ್ರಿ ಶಾಖದಲ್ಲಿ ಮೂರು ದಿನ ಕಾಯುವ ಪದ್ಧತಿ ನಮ್ಮಲ್ಲಿ ರೂಢಿಗೆ ಬಂದಿದೆ. ಇಷ್ಟೆಲ್ಲ ಶ್ರಮದ ಕೊನೆಗೆ ನದಿಯ ನೀರಿಗೆ ಎ ಇಂದ ಇ ವರೆಗಿನ ಐದು ದರ್ಜೆಗಳಲ್ಲಿ ಒಂದನ್ನು ಕೊಡುತ್ತಾರೆ. ಎ ಎಂದರೆ ಸೋಂಕುನಿವಾರಣೆಯೊಂದನ್ನೇ ಮಾಡಿ ಕುಡಿಯಬಹುದಾದದ್ದು, ಇ ಎಂದರೆ ಹೊಲಕ್ಕೆ ಹಾಯಿಸುವುದಕ್ಕೂ ಯಂತ್ರಗಳನ್ನು ತಂಪುಮಾಡುವುದಕ್ಕೂ ಮಾತ್ರ ಸಲ್ಲುವಂಥದು. ವೃಷಭಾವತಿಗೆ ಸಂದಿರುವುದು ಕೊನೆಯ ದರ್ಜೆ. ಮೈಸೂರು ರಸ್ತೆಯ ಪಕ್ಕದಲ್ಲಿ ದಿನಕ್ಕೆ 18 ಕೋಟಿ ಲೀಟರನ್ನು ಶುದ್ಧೀಕರಿಸಬಲ್ಲ ಸ್ಥಾವರವಿದ್ದೂ ಈ ದರ್ಜೆ ಏರಿಲ್ಲ. ಏಕೆಂದರೆ ಕೊಳವೆಗೆ ಸಿಕ್ಕದೆ ನೇರವಾಗಿ ರಾಜಕಾಲುವೆಗೆ ಬೀಳುವ ಕೊಳಚೆ ಸ್ಥಾವರದ ಬಾಗಿಲನ್ನೇ ಕಾಣುವುದಿಲ್ಲ.

ನೀರಿನ ಅಳತೆಯ ಬೆನ್ನಿಗೆ ಗಾಳಿಯ ಅಳತೆ ಬಂದಿತು. 1888ರಲ್ಲಿ ಫ್ರಾನ್ಸಿನ ರಿಂಗಲ್‌ಮನ್ ರೂಪಿಸಿದ ಪಟ್ಟಿಯೊಡನೆ ಹೊಗೆಯ ಕಪ್ಪನ್ನು ಹೋಲಿಸಿ ನೋಡುವುದು ಚಿಮಣಿಗಳ ಯುಗದ ಮಾಪನ. ಅದು ಕಣ್ಣಿನ ಆಶ್ರಯವನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. 1981ರ ವಾಯುಮಾಲಿನ್ಯ ಅಧಿನಿಯಮವೂ 1984ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆರಂಭಿಸಿದ ರಾಷ್ಟ್ರೀಯ ವಾಯುಮಾಪನ ಕಾರ್ಯಕ್ರಮವೂ ದೇಶದಲ್ಲಿ ಕ್ರಮಬದ್ಧವಾದ ದಾಖಲೆಗೆ ತಳಹದಿ ಹಾಕಿದವು. ಈ ಕಾರ್ಯಕ್ರಮದ ಬೆಂಗಳೂರಿನ ಕೇಂದ್ರಗಳಲ್ಲಿ ಒಂದು ನಮ್ಮ ಕಣಿವೆಯ ಮೈಸೂರು ರಸ್ತೆಯಲ್ಲಿ, ಆಮ್ಕೋ ಬ್ಯಾಟರೀಸ್ ಆವರಣದಲ್ಲಿ ಸ್ಥಾಪಿತವಾಯಿತು. ಹೈ ವಾಲ್ಯೂಮ್ ಸ್ಯಾಂಪ್ಲರ್ ಎಂಬ ಪೆಟ್ಟಿಗೆಯು ನಿಮಿಷಕ್ಕೆ ಒಂದು ಘನಮೀಟರಿನಷ್ಟು ಗಾಳಿಯನ್ನು ಎಳೆದು ಗಾಜಿನ ನಾರಿನ ಸೋಸುಹಾಳೆಯ ಮೂಲಕ ಹಾಯಿಸುತ್ತದೆ. ತೇವವನ್ನು ಕಳೆದು ಮೊದಲೇ ತೂಗಿಟ್ಟ ಹಾಳೆಯನ್ನು ಎಂಟು ಗಂಟೆಗಳ ಮೇಲೆ ತೆಗೆದು ಮತ್ತೆ ತೂಗಿದರೆ ಹೆಚ್ಚಿದ ತೂಕವೇ ಧೂಳಿನ ಲೆಕ್ಕ. ಗಂಧಕದ ಡೈ ಆಕ್ಸೈಡನ್ನು 1956ರ ವೆಸ್ಟ್ ಮತ್ತು ಗೇಕೆ ವಿಧಾನದಿಂದ ಪಾದರಸದ ಲವಣದ್ರಾವಣದಲ್ಲಿ ಹಿಡಿದು, ಬಣ್ಣ ತರಿಸಿ, ವರ್ಣಮಾಪಕದಲ್ಲಿ ಓದುತ್ತಾರೆ. ವಾರಕ್ಕೆ ಎರಡು ಸಲ, ಇಪ್ಪತ್ನಾಲ್ಕು ಗಂಟೆಗಳ ಕಾಲ, ವರ್ಷಕ್ಕೆ 104 ಬಾರಿ ನಡೆಯಬೇಕಾದ ಈ ವ್ರತವನ್ನು ಹಗಲೂ ರಾತ್ರಿಯೂ ಹಾಳೆ ಬದಲಾಯಿಸಿ ನಡೆಸಿಕೊಂಡು ಬಂದ ಕ್ಷೇತ್ರಸಹಾಯಕರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಕೈಬರಹದ ತೂಕಪಟ್ಟಿಗಳು ಮಾತ್ರ ನಮ್ಮ ಉಸಿರಿನ ಚರಿತ್ರೆಗೆ ಆಧಾರವಾಗಿವೆ.

ಇತ್ತೀಚಿನ ದಶಕಗಳಲ್ಲಿ ಈ ವಿದ್ಯೆ ವಿದ್ಯುನ್ಮಾನದ ರೂಪವನ್ನು ತಳೆದಿದೆ. ಬಸವೇಶ್ವರನಗರಕ್ಕೆ ಹೊಂದಿಕೊಂಡ ಸಾಣೆಗುರುವನಹಳ್ಳಿಯ ನಿಸರ್ಗ ಭವನದಲ್ಲಿ ರಾಜ್ಯ ಮಂಡಳಿಯ ಕೇಂದ್ರ ಪ್ರಯೋಗಶಾಲೆಯಿದೆ. ಅದೇ ಸಾಣೆಗುರುವನಹಳ್ಳಿಯ ಹೆಸರಿನಲ್ಲಿ ನಿರಂತರ ವಾಯುಮಾಪನ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಮೈಸೂರು ರಸ್ತೆಯ ಬಾಪೂಜಿನಗರದಲ್ಲಿ ಇನ್ನೊಂದು, ಕೆಂಗೇರಿಯ ಬಳಿ ಮೈಲಸಂದ್ರದ ಆರ್. ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮತ್ತೊಂದು ಇವೆ. ಇಂಥ ಕೇಂದ್ರದ ಯಂತ್ರವು ಧೂಳಿನ ಪಟ್ಟಿಯ ಮೂಲಕ ಬೀಟಾ ಕಿರಣಗಳನ್ನು ಹಾಯಿಸಿ, ಅವು ಎಷ್ಟು ಕ್ಷೀಣಿಸಿದವೆಂಬುದರಿಂದ ಕಣಗಳ ಭಾರವನ್ನು ತಾನೇ ಲೆಕ್ಕಹಾಕುತ್ತದೆ. ಸಾರಜನಕದ ಆಕ್ಸೈಡುಗಳು ಓಝೋನಿನೊಡನೆ ಕೂಡಿ ಸೂಸುವ ಮಂದಪ್ರಭೆಯನ್ನೂ, ಅತಿನೇರಿಳೆ ಬೆಳಕಿನಲ್ಲಿ ಗಂಧಕದ ಡೈ ಆಕ್ಸೈಡು ಮಿನುಗುವ ಪರಿಯನ್ನೂ ಓದಿ ಅವುಗಳ ಪ್ರಮಾಣವನ್ನು ಹೇಳುತ್ತದೆ. 2009ರ ನವೆಂಬರಿನಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಮಾನದಂಡಗಳು 2.5 ಮೈಕ್ರಾನಿಗಿಂತ ಕಿರಿದಾದ ಕಣಗಳಿಗೂ ಮಿತಿಯನ್ನು ವಿಧಿಸಿದವು: ವರ್ಷದ ಸರಾಸರಿ ಘನಮೀಟರಿಗೆ 40 ಮೈಕ್ರೊಗ್ರಾಂ, ದಿನಕ್ಕೆ 60. 2015ರಲ್ಲಿ ಆರಂಭವಾದ ವಾಯುಗುಣಮಟ್ಟದ ಸೂಚ್ಯಂಕವು ಹಲವು ಅಳತೆಗಳನ್ನು ಒಂದೇ ಅಂಕಿಯಾಗಿಸಿ ಸಾಮಾನ್ಯನ ಕೈಗೆ ಕೊಟ್ಟಿತು. ಹದಿನೇಳು ವರ್ಗದ ಭಾರೀ ಮಾಲಿನ್ಯದ ಉದ್ಯಮಗಳು ತಮ್ಮ ಹೊರಸೂಸುವಿಕೆಯನ್ನು ಎಡೆಬಿಡದೆ ಅಳೆದು ಮಂಡಳಿಗೆ ನೇರವಾಗಿ ತಿಳಿಸಬೇಕೆಂದು 2014ರಲ್ಲಿ ಕೇಂದ್ರ ಮಂಡಳಿ ಆದೇಶಿಸಿತು.

ನಿರಂತರತೆಯ ಬೆಲೆ ಏನೆಂಬುದನ್ನು ಬಲ್ಲವರು ಬಲ್ಲರು. ಹಗಲಿನ ಕಛೇರಿವೇಳೆಯಲ್ಲಿ ತೆಗೆದ ಒಂದು ಶೀಷೆ ನೀರು ಆ ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಯಾರೋ ಕತ್ತಲೆಯಲ್ಲಿ ಟ್ಯಾಂಕರಿನಿಂದ ಸುರಿದುದೋ ನಸುಕಿನಲ್ಲಿ ತೊಟ್ಟಿ ತೊಳೆದು ಬಿಟ್ಟುದೋ ಬೆಳಕು ಹರಿಯುವ ಹೊತ್ತಿಗೆ ಕೆಂಗೇರಿಯನ್ನು ದಾಟಿ ಹೋಗಿರುತ್ತದೆ. ಗಂಟೆಗಂಟೆಗೂ ತೆಗೆದ ಮಾದರಿ, ಕೆಸರಿನ ಪದರದಲ್ಲಿ ಉಳಿದ ಲೋಹ, ಆ ನೀರಿನಲ್ಲಿ ಬೆಳೆದ ಸೊಪ್ಪಿನ ವಿಶ್ಲೇಷಣೆ, ಇವು ಮಾತ್ರ ಅಂಥ ರಹಸ್ಯಗಳನ್ನು ಬಯಲಿಗೆ ತರಬಲ್ಲವು. ಗಾಳಿಗಾಗಿ ನಾವು ಕಟ್ಟಿಕೊಂಡಿರುವ ಎಡೆಬಿಡದ ಎಚ್ಚರಿಕೆ ನದಿಗೂ ಅದೇ ಪ್ರಮಾಣದಲ್ಲಿ ಸಲ್ಲಬೇಕು.

ಇಷ್ಟು ದೀರ್ಘವಾದ ವೃತ್ತಾಂತದಿಂದ ತಿಳಿಯಬರುವುದು ಒಂದೇ ಸಂಗತಿ. ನೀರಗಂಟಿಯ ಕಣ್ಣಿನಿಂದ ಬೀಟಾ ಕಿರಣದವರೆಗೆ ನಮ್ಮ ಅಳತೆ ಸೂಕ್ಷ್ಮವಾಗುತ್ತ ಬಂದಿದೆ. ಆದರೆ ನೀರಗಂಟಿಯು ತೂಬಿನಲ್ಲಿ ಕಂಡ ಕೆಡುಕನ್ನು ಸಂಜೆಯೊಳಗೆ ಊರಿಗೆ ತಿಳಿಸುತ್ತಿದ್ದನು, ತಿಳಿಸಿದ ಮೇಲೆ ಊರು ಏನಾದರೂ ಮಾಡಬೇಕಾಗುತ್ತಿತ್ತು. ಇಂದು ಅಂಕಿಗಳು ದೂರದ ಗಣಕದಲ್ಲಿ ಸೇರಿಕೊಂಡು, ತಿಳಿಯಬೇಕಾದವನ ಬೀದಿಗೆ ಬರುವುದೇ ಇಲ್ಲ. ಸಾಣೆಗುರುವನಹಳ್ಳಿಯ ಗಾಳಿಯ ಲೆಕ್ಕ ಅಲ್ಲಿಯ ಶಾಲೆಗಳ ಫಲಕದ ಮೇಲೆ ಕನ್ನಡದಲ್ಲಿ ಬರಲಿ. ಕೆಂಗೇರಿಯ ಸೇತುವೆಯ ಕೆಳಗೆ ಹರಿಯುವ ನೀರಿನ ಆಮ್ಲಜನಕದ ಲೆಕ್ಕ ಬೈರಮಂಗಲದ ರೈತನಿಗೆ ಪ್ರತಿ ತಿಂಗಳೂ ಮುಟ್ಟಲಿ. ಮಿತಿ ಮೀರಿದ ಪ್ರತಿಯೊಂದು ಅಂಕಿಯ ಎದುರಿನಲ್ಲಿ, ಅದಕ್ಕಾಗಿ ಯಾರು ಯಾವ ಕ್ರಮ ಕೈಗೊಂಡರೆಂಬುದನ್ನೂ ಬರೆಯುವ ಪದ್ಧತಿ ಬರಲಿ. ಮಲ್ಲೇಶ್ವರದಲ್ಲಿಯೂ ಬಸವನಗುಡಿಯಲ್ಲಿಯೂ ಮನೆಕಟ್ಟಿ ಕೆಳಗಿನವರಿಗೆ ಕೊಳೆಯನ್ನು ಕಳುಹಿಸಿದ ಹಿರಿಯರು ಅದರ ಪರಿಣಾಮವನ್ನು ಅರಿತವರಾಗಿರಲಿಲ್ಲ, ಅವರಿಗೆ ಕ್ಷಮೆ ಸಲ್ಲಬಹುದು. ಅಳೆದು, ಬರೆದು, ಮೊಹರು ಹಾಕಿ, ಎಲ್ಲವನ್ನೂ ಅರಿತುಕೊಂಡ ಮೇಲೆಯೂ ಸುಮ್ಮನಿರುವ ನಮ್ಮ ತಲೆಮಾರಿಗೆ ಆ ಕ್ಷಮೆಯನ್ನು ಕೇಳುವ ಅಧಿಕಾರವಿಲ್ಲ.